ನೆಲದ ಮೇಲೆ ಇಲ್ಲದ ಗೆರೆ



ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ಬಹಳ ಜನಕ್ಕೆ ನೆನಪಾಗುವುದು ಕೈನಡುಕ. ಆದರೆ ಆ ಕಾಯಿಲೆ ಹಲವು ವರ್ಷದಿಂದ ಇರುವವರನ್ನು, ಅವರನ್ನು ನೋಡಿಕೊಳ್ಳುವ ಮನೆಯವರನ್ನು ಮಾತಾಡಿಸಿ. ನಡುಕವನ್ನು ಹೇಗೋ ಸಹಿಸಬಹುದು, ನಡಿಗೆಯದೇ ಕಷ್ಟ ಎನ್ನುವವರು ಬಹಳ. ನಡುಮನೆಯಿಂದ ಎದ್ದು ಬಚ್ಚಲಿಗೆ ಹೊರಟವರು ಬಾಗಿಲ ಹತ್ತಿರ ಬಂದು ಗಕ್ಕನೆ ನಿಂತುಬಿಡುತ್ತಾರೆ. ಹೋಗಬೇಕೆಂಬ ಮನಸ್ಸಿದೆ, ಕಾಲಿನಲ್ಲಿ ಶಕ್ತಿಯೂ ಇದೆ. ಪಾದ ಮಾತ್ರ ನೆಲ ಬಿಟ್ಟು ಏಳುವುದಿಲ್ಲ. ಮೈ ಮುಂದಕ್ಕೆ ವಾಲುತ್ತದೆ, ಕಾಲು ಹಿಂದೆಯೇ ಉಳಿಯುತ್ತದೆ. ಎಷ್ಟೋ ಜನ ಬೀಳುವುದು ಆ ಗಳಿಗೆಯಲ್ಲೇ. "ನಡೀರಿ, ಯಾಕೆ ನಿಂತ್ರಿ?" ಎಂದು ಪಕ್ಕದವರು ಅವಸರ ಮಾಡಿದಷ್ಟೂ ಕಾಲು ಇನ್ನೂ ಹಿಡಿದುಕೊಳ್ಳುತ್ತದೆ.

ಈ ಹಿಡಿತ ಬಿಡಿಸಲು ಒಂದು ಉಪಾಯವಿದೆ. ನಿಂತವರ ಪಾದದ ಮುಂದೆ ನೆಲದ ಮೇಲೆ ಅಡ್ಡಲಾಗಿ ಒಂದು ಗೆರೆ ಎಳೆದು, ಇದನ್ನು ದಾಟಿ ಎನ್ನುವುದು. ಅಷ್ಟೇ. ಹಲವರಲ್ಲಿ ಕಾಲು ತಟ್ಟನೆ ಏಳುತ್ತದೆ. ಒಂದರ ಮುಂದೆ ಒಂದರಂತೆ ಹೆಜ್ಜೆಯ ಅಂತರಕ್ಕೆ ಗೆರೆಗಳಿದ್ದರೆ ಅವರು ಸರಾಗವಾಗಿ ನಡೆದುಹೋಗುತ್ತಾರೆ. ಇಂಗ್ಲೆಂಡಿನ ನರರೋಗ ತಜ್ಞ ಜೇಮ್ಸ್ ಪರ್ಡನ್ ಮಾರ್ಟಿನ್ 1967ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದರು. ಗೆರೆ ದಾರಿಗೆ ಅಡ್ಡವಾಗಿಯೇ ಇರಬೇಕು. ನಡೆಯುವ ದಿಕ್ಕಿಗೆ ಉದ್ದುದ್ದ ಎಳೆದರೆ ಪ್ರಯೋಜನವಿಲ್ಲ. ಏಕೆಂದರೆ ಕಾಲಿಗೆ ಬೇಕಾಗಿರುವುದು ದಾರಿಯ ಗುರುತಲ್ಲ, ದಾಟಲು ಒಂದು ಗುರಿ.

ಇದು ಹೇಗೆ ಸಾಧ್ಯ? ಹೊಸದಾಗಿ ಕಾರು ಕಲಿಯುವವರನ್ನು ನೋಡಿ. ಕ್ಲಚ್ಚು, ಗೇರು, ಬ್ರೇಕು ಎಂದು ಒಂದೊಂದನ್ನೂ ಯೋಚಿಸಿ ಮಾಡುತ್ತಾರೆ. ವರ್ಷ ಕಳೆದ ಮೇಲೆ ಮಾತಾಡುತ್ತಲೇ ಗೇರು ಬದಲಿಸುತ್ತಾರೆ, ಬದಲಿಸಿದ್ದು ಅವರಿಗೇ ಗೊತ್ತಾಗುವುದಿಲ್ಲ. ನಾವು ನಡೆಯುವುದೂ ಹೀಗೆ ರೂಢಿಯಾಗಿಬಿಟ್ಟ ಕೆಲಸ. ಆ ರೂಢಿಯನ್ನು ನಡೆಸಿಕೊಂಡು ಹೋಗುವುದು ಮಿದುಳಿನ ಆಳದಲ್ಲಿರುವ ನರಕೋಶಗಳ ಗುಂಪುಗಳು. ಅವಕ್ಕೆ ಡೋಪಮೈನ್ ಎಂಬ ರಾಸಾಯನಿಕ ಬೇಕು. ಅದನ್ನು ತಯಾರಿಸುವ ಜೀವಕೋಶಗಳು ಒಂದೊಂದಾಗಿ ಸಾಯುವುದೇ ಪಾರ್ಕಿನ್ಸನ್ ಕಾಯಿಲೆ. ಆಗ ರೂಢಿ ಕೈಕೊಡುತ್ತದೆ. ಆದರೆ ಕಣ್ಣಿಗೆ ಕಂಡ ಒಂದು ಗುರಿಯತ್ತ ಗಮನವಿಟ್ಟು ಕಾಲು ಹಾಕುವ ಕೆಲಸವನ್ನು ಮಿದುಳು ಬೇರೆ ದಾರಿಯಲ್ಲಿ ಮಾಡಬಲ್ಲದು. ಆ ದಾರಿ ಬಹುಮಟ್ಟಿಗೆ ಉಳಿದಿರುತ್ತದೆ. ನೆಲದ ಗೆರೆ ಮಿದುಳನ್ನು ಆ ದಾರಿಗೆ ತಿರುಗಿಸುತ್ತದೆ. ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುವಾಗಲೂ ಹೀಗೆಯೇ ಹೊರಗಿನದೊಂದು ಆಸರೆ ಸಿಗುತ್ತದೆ.

ನೆದರ್‌ಲ್ಯಾಂಡ್ಸ್‌ನ ನೈಮೇಖೆನ್ ಊರಿನ ನರರೋಗ ತಜ್ಞ ಬಾಸ್ ಬ್ಲೂಮ್ ಮತ್ತು ಅವರ ಸಹೋದ್ಯೋಗಿ 2010ರಲ್ಲಿ ವರದಿ ಮಾಡಿದ ಒಬ್ಬ ರೋಗಿಯ ವಿಷಯ ವೈದ್ಯಲೋಕದಲ್ಲಿ ಪ್ರಸಿದ್ಧ. 58 ವರ್ಷದ ಆತ ನಾಲ್ಕು ಹೆಜ್ಜೆ ನಡೆಯಲೂ ಆಗದೆ ಬೀಳುತ್ತಿದ್ದರು. ಸೈಕಲ್ ಹತ್ತಿಸಿದರೆ ಮಾತ್ರ ಆರಾಮವಾಗಿ ತುಳಿದುಕೊಂಡು ಹೋಗಿ, ತಿರುಗಿಸಿಕೊಂಡು ಬಂದರು! ಇಳಿದ ಕೂಡಲೇ ಕಾಲು ಮತ್ತೆ ನಿಂತಿತು. ಚಲನೆಯ ಶಕ್ತಿ ಹೋಗಿಲ್ಲ, ಅದನ್ನು ಶುರುಮಾಡಿಸುವ ಕೀಲಿ ಕಳೆದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಔಷಧಿ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಒಳ್ಳೆಯದೇ ಇದೆ. ಅದರ ಕತೆಯಲ್ಲಿ ನಮ್ಮ ನಾಡಿನ ಒಂದು ಗಿಡವೂ ಬರುತ್ತದೆ. ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪಿನ್ ಎಂಬ ವಸ್ತುವನ್ನು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1950ರ ದಶಕದಲ್ಲಿ ಮೊಲಗಳಿಗೆ ಕೊಟ್ಟರು. ಮೊಲಗಳು ಅಲುಗಾಡದೆ ಕೂತುಬಿಟ್ಟವು. ಅನಂತರ, ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪ ಎಂಬ ವಸ್ತುವನ್ನು ಕೊಟ್ಟಾಗ ಎದ್ದು ಓಡಾಡಿದವು. ಡೋಪಮೈನ್‌ಗೂ ಚಲನೆಗೂ ಇರುವ ನಂಟು ಹೀಗೆ ತಿಳಿಯಿತು. 2000ದಲ್ಲಿ ಕಾರ್ಲ್‌ಸನ್ ಅವರಿಗೆ ನೊಬೆಲ್ ಬಂತು. ಲೆವೊಡೋಪ ಇವತ್ತಿಗೂ ಈ ಕಾಯಿಲೆಯ ಮುಖ್ಯ ಮಾತ್ರೆ. ಬಿಗಿತವನ್ನು, ನಿಧಾನವನ್ನು ಅದು ಚೆನ್ನಾಗಿ ತಗ್ಗಿಸುತ್ತದೆ. ಕಾಲು ಹಿಡಿದುಕೊಳ್ಳುವುದು, ಸಮತೋಲ ತಪ್ಪುವುದು ಇವೆರಡು ಮಾತ್ರ ಕಾಯಿಲೆ ಬಲಿತಂತೆ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ಅಲ್ಲಿ ಬೇಕಾಗುವುದು ಅಭ್ಯಾಸ, ಅಂದರೆ ಫಿಸಿಯೋಥೆರಪಿ.

ತೊಡಕು ಶುರುವಾಗುವುದೂ ಅಲ್ಲೇ. ಆಸ್ಪತ್ರೆಯ ಉದ್ದನೆಯ, ಬೆಳಕಿರುವ ಕಾರಿಡಾರಿನಲ್ಲಿ, ಡಾಕ್ಟರು ನೋಡುತ್ತಿರುವಾಗ ರೋಗಿ ಚೆನ್ನಾಗಿಯೇ ನಡೆಯುತ್ತಾರೆ. ಮನೆಯವರಿಗೆ ಆಶ್ಚರ್ಯ. ಕಾಲು ನಿಲ್ಲುವುದು ಮನೆಯ ಕಿರಿದಾದ ಬಾಗಿಲಲ್ಲಿ, ಮಂಚ ಮತ್ತು ಬೀರುವಿನ ನಡುವಿನ ಸಂದಿನಲ್ಲಿ, ಫೋನ್ ರಿಂಗಾಯಿತೆಂದು ಗಡಿಬಿಡಿಯಲ್ಲಿ ತಿರುಗುವಾಗ. ಕಷ್ಟ ಇರುವ ಜಾಗದಲ್ಲೇ ಕಲಿಯಬೇಕೆಂದರೆ ಮನೆಯಲ್ಲೇ ಕಲಿಯಬೇಕು. ಹೀಗೆ ಆಲೋಚಿಸಿ ಬೆಲ್ಜಿಯಂ, ಇಂಗ್ಲೆಂಡ್, ನೆದರ್‌ಲ್ಯಾಂಡ್ಸ್ ಮೂರೂ ಕಡೆಯ ಸಂಶೋಧಕರು ಸೇರಿ 153 ರೋಗಿಗಳ ಮನೆಗೇ ಚಿಕಿತ್ಸಕರನ್ನು ಕಳಿಸಿ, ಮೂರು ವಾರ ತಾಳ, ಮಿನುಗುವ ಬೆಳಕು ಮೊದಲಾದ ಸುಳಿವುಗಳ ಆಸರೆಯಲ್ಲಿ ನಡಿಗೆ ಕಲಿಸಿದರು. 2007ರಲ್ಲಿ ಫಲಿತಾಂಶ ಬಂತು. ನಡಿಗೆ ಸುಧಾರಿಸಿತ್ತು. ಆದರೆ ಪಾಠ ನಿಲ್ಲಿಸಿ ಆರು ವಾರ ಕಳೆಯುವಷ್ಟರಲ್ಲಿ ಆ ಲಾಭದ ಬಹುಪಾಲು ಕರಗಿತ್ತು.

ಈ ಫಲಿತಾಂಶವೇ ಇಡೀ ವಿಷಯದ ತಿರುಳು ಎಂದು ನಾನು ತಿಳಿದಿದ್ದೇನೆ. ಅಭ್ಯಾಸ ಮನೆಯಲ್ಲಿ ಆಗಬೇಕು, ಬಿಡದೆ ಆಗಬೇಕು, ಬಲ್ಲವರ ಕಣ್ಣೂ ಅದರ ಮೇಲಿರಬೇಕು. ಚಿಕಿತ್ಸಕರು ದಿನಾ ಮನೆಗೆ ಬರುವುದು ಶ್ರೀಮಂತ ದೇಶಗಳಲ್ಲೇ ಸಾಧ್ಯವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ಗೆ ರಾತ್ರಿ ಬಸ್ಸಿನಲ್ಲಿ ಬಂದು, ಸರತಿಯಲ್ಲಿ ಕೂತು, ಮಾತ್ರೆ ಬರೆಸಿಕೊಂಡು ಹಿಂತಿರುಗುವವರಿಗೆ ಅದು ದೂರದ ಮಾತೇ ಸರಿ.

ಆಗ್ಮೆಂಟೆಡ್ ರಿಯಾಲಿಟಿಯ ಕನ್ನಡಕದ ಮಾತು ಬರುವುದು ಇಲ್ಲೇ. ವರ್ಚುವಲ್ ರಿಯಾಲಿಟಿಯ ಬಗ್ಗೆ ನೀವು ಕೇಳಿರಬಹುದು. ಅದು ಕಣ್ಣನ್ನು ಪೂರ್ತಿ ಮುಚ್ಚಿ ಬೇರೊಂದು ಲೋಕ ತೋರಿಸುತ್ತದೆ. ಸಮತೋಲ ತಪ್ಪುವ ಮನುಷ್ಯ ಅದನ್ನು ಹಾಕಿಕೊಂಡು ಮನೆಯಲ್ಲಿ ಓಡಾಡುವುದು ಅಪಾಯ. ನಾನು ಹೇಳುತ್ತಿರುವ ಕನ್ನಡಕದ ಗಾಜು ಪಾರದರ್ಶಕ. ನಿಮ್ಮ ಕೋಣೆ, ಕುರ್ಚಿ ಎಲ್ಲವೂ ಕಾಣುತ್ತವೆ, ಮಗ್ಗುಲಲ್ಲಿ ನಿಂತ ಮಗಳೂ ಕಾಣುತ್ತಾಳೆ. ಅದರ ಜೊತೆಗೆ, ಇಲ್ಲದ ಒಂದು ಗೆರೆ ನೆಲದ ಮೇಲೆ ಇರುವಂತೆ ಕಾಣುತ್ತದೆ. ಕನ್ನಡಕದಲ್ಲಿರುವ ಪುಟ್ಟ ಕ್ಯಾಮೆರಾಗಳೂ ದೂರ ಅಳೆಯುವ ಸಾಧನವೂ ಕೋಣೆಯ ನಕ್ಷೆ ತಯಾರಿಸಿಕೊಳ್ಳುತ್ತವೆ. ನೆಲ ಎಲ್ಲಿದೆ, ಗೋಡೆ ಎಲ್ಲಿದೆ, ತಲೆ ಯಾವ ಕಡೆ ತಿರುಗಿತು ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ, ನೀವು ತಲೆ ಅಲ್ಲಾಡಿಸಿದರೂ ಗೆರೆ ತನ್ನ ಜಾಗದಲ್ಲೇ ನಿಲ್ಲುವಂತೆ ಚಿತ್ರವನ್ನು ಸರಿಪಡಿಸುತ್ತವೆ.

ಈ ಆಲೋಚನೆ ಇಂದು ನಿನ್ನೆಯದಲ್ಲ. ಅಮೆರಿಕದ ಟಾಮ್ ರೀಸ್ ಎಂಬ ಪಾದದ ವೈದ್ಯರು ಸ್ವತಃ ಪಾರ್ಕಿನ್ಸನ್ ರೋಗಿ. 1990ರ ದಶಕದಲ್ಲಿ ಅವರು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ, ಕಣ್ಣ ಮುಂದೆ ಸುಳಿವುಗಳನ್ನು ತೋರಿಸುವ ಕನ್ನಡಕ ಕಟ್ಟಲು ಹೊರಟರು. ತನ್ನ ಕಾಲು ತನಗೇ ಸಿಗಲೆಂದು ರೋಗಿಯೊಬ್ಬ ಪ್ರಯೋಗಾಲಯದ ಬಾಗಿಲು ತಟ್ಟಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಈ ಕನ್ನಡಕ ಹಾಕಿಕೊಂಡ ಕೂಡಲೇ ಕಾಲಿನ ಹಿಡಿತ ಬಿಡುತ್ತದೆಯೇ? ಇಲ್ಲ. ನೈಮೇಖೆನ್ನಿನ ಸಂಶೋಧಕರು ಮೈಕ್ರೋಸಾಫ್ಟ್ ಕಂಪನಿಯ ಹೋಲೋಲೆನ್ಸ್ ಎಂಬ ಕನ್ನಡಕ ತೊಡಿಸಿ, ನಿಂತಲ್ಲೇ ತಿರುಗುವಾಗ ಇಂಥ ಸುಳಿವು ನೆರವಾಗುತ್ತದೆಯೇ ಎಂದು ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಉತ್ತರ, ಕಾಲಿನ ಹಿಡಿತ ಕಡಿಮೆಯಾಗಲಿಲ್ಲ ಎಂಬುದು. ಇದಕ್ಕೆ ಒಂದು ಕಾರಣ ಹೀಗಿರಬಹುದು: ಕನ್ನಡಕದಲ್ಲಿ ಚಿತ್ರ ಮೂಡುವ ಜಾಗ ಕಿರಿದು, ಒಂದು ಸಣ್ಣ ಕಿಂಡಿಯಷ್ಟೇ. ಪಾದದ ಬುಡದಲ್ಲಿ ಗೆರೆ ಕಾಣಬೇಕಾದರೆ ತಲೆ ತಗ್ಗಿಸಬೇಕು, ತಲೆ ತಗ್ಗಿಸಿದರೆ ಮೈ ಮುಂದಕ್ಕೆ ಬಾಗುತ್ತದೆ. ನೆಲದ ಮೇಲಿನ ನಿಜವಾದ ಪಟ್ಟಿಗೆ ಈ ತೊಂದರೆ ಇಲ್ಲ. ಹೊಸ ಯಂತ್ರ ಬಂತೆಂದು ಸಂಭ್ರಮ ಪಡುವವರು ಈ ಫಲಿತಾಂಶವನ್ನೂ ಓದಬೇಕು.

ಕನ್ನಡಕದ ನಿಜವಾದ ಉಪಯೋಗ ಇನ್ನೊಂದು ಕಡೆ ಕಂಡಿದೆ. ಅದು ದಿನದಿನದ ವ್ಯಾಯಾಮ. ಆಮ್‌ಸ್ಟರ್‌ಡ್ಯಾಮಿನ ಫ್ರೈ ವಿಶ್ವವಿದ್ಯಾಲಯದ ಮೆಲ್ವಿನ್ ರೂರ್ಡಿಂಕ್ ಮತ್ತು ಸಂಗಡಿಗರು 24 ರೋಗಿಗಳ ಮನೆಗೆ ಕನ್ನಡಕ ಕೊಟ್ಟು ಆರು ವಾರ ಆಟ ಆಡಿಸಿದರು. ವ್ಯಾಯಾಮ ಎನ್ನದೆ ಆಟ ಎಂದೆ, ಏಕೆಂದರೆ ಅದು ಇರುವುದೇ ಆಟದ ರೂಪದಲ್ಲಿ. ಹೆಜ್ಜೆ ಎತ್ತಿಡಲು, ತಿರುಗಲು, ಕೈಚಾಚಲು, ಸಮತೋಲ ಕಾಯ್ದುಕೊಳ್ಳಲು ಕಲಿಸುವ ಐದು ಆಟಗಳು. ನಿಮ್ಮದೇ ಕೋಣೆಯ ನೆಲದಿಂದ ಪುಟ್ಟ ಪ್ರಾಣಿಯೊಂದು ತಲೆ ಹಾಕುತ್ತದೆ, ಅದು ಮರೆಯಾಗುವಷ್ಟರಲ್ಲಿ ಕಾಲೆತ್ತಿ ಮೆಟ್ಟಬೇಕು. ಗೊತ್ತೇ ಆಗದ ಹಾಗೆ ದೊಡ್ಡ ಹೆಜ್ಜೆ ಇಟ್ಟಿರುತ್ತೀರಿ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಎಷ್ಟು ಆಡಿದರು, ಎಷ್ಟು ಅಂಕ ಬಂತು ಎಂಬುದು ದೂರದಲ್ಲಿ ಕೂತ ಚಿಕಿತ್ಸಕರಿಗೆ ಕಾಣುತ್ತದೆ. ಸುಲಭವಾದರೆ ಅವರು ಅಲ್ಲಿಂದಲೇ ಆಟವನ್ನು ಕಠಿಣ ಮಾಡುತ್ತಾರೆ, ದಣಿದರೆ ಇಳಿಸುತ್ತಾರೆ.

2024ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ. ಆಟದ ವೇಳೆ ಯಾರೂ ಬೀಳಲಿಲ್ಲ. ನಾಲ್ಕು ಸಲ ಬೀಳುವಂತಾಗಿ ಸಾವರಿಸಿಕೊಂಡರು. ಹೇಳಿದ್ದಕ್ಕಿಂತ ತುಸು ಹೆಚ್ಚೇ ಆಡಿದರು, ನೂರಕ್ಕೆ 104ರಷ್ಟು. ಫಿಸಿಯೋಥೆರಪಿಸ್ಟ್ ಬರೆದುಕೊಟ್ಟ ವ್ಯಾಯಾಮದ ಹಾಳೆ ಎರಡು ವಾರದಲ್ಲಿ ಕ್ಯಾಲೆಂಡರಿನ ಹಿಂದೆ ಸೇರಿಹೋಗುವುದನ್ನು ಕಂಡವರಿಗೆ ಈ 104ರ ಬೆಲೆ ಗೊತ್ತು. ನಡಿಗೆಯ ವೇಗ, ಕುರ್ಚಿಯಿಂದ ಏಳುವ ಚುರುಕು ಸುಧಾರಿಸಿದವು. ಎದ್ದು ನಡೆದು ತಿರುಗಿ ಬಂದು ಕೂರುವ ಪರೀಕ್ಷೆಯಲ್ಲಿ ಸುಧಾರಣೆ ಸಣ್ಣದು. ಇದು ಚಿಕ್ಕ ಅಧ್ಯಯನ, ಇದನ್ನೇ ಕೊನೆಯ ಮಾತು ಎನ್ನಲಾಗದು. ಆದರೆ ಆಟ ಬೆರೆಸಿದ ಮನೆ ವ್ಯಾಯಾಮಕ್ಕೆ ಬೇರೆ ಆಧಾರವೂ ಇದೆ. 2019ರಲ್ಲಿ ಬ್ಲೂಮ್ ಅವರ ತಂಡ 130 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮನೆಗೆ ನಿಂತಲ್ಲೇ ತುಳಿಯುವ ಸೈಕಲ್ ಕೊಟ್ಟು, ಪರದೆಯ ಆಟದೊಡನೆ ಆರು ತಿಂಗಳು ತುಳಿಸಿತು. ಉಳಿದವರು ಮೈ ಸಡಿಲಿಸುವ ವ್ಯಾಯಾಮ ಮಾಡಿದರು. ಚಲನೆಯ ತೊಂದರೆ ಅಳೆಯುವ ಅಂಕ ಸೈಕಲ್ ತುಳಿದವರಲ್ಲಿ 1.3ರಷ್ಟು ಏರಿದರೆ ಉಳಿದವರಲ್ಲಿ 5.6ರಷ್ಟು ಏರಿತ್ತು. ಏರಿದಷ್ಟೂ ಕಾಯಿಲೆ ಹೆಚ್ಚು ಎಂದು ಅರ್ಥ.

ಬೆಲೆಯ ಮಾತು ಬಿಡುವಂತಿಲ್ಲ. ಹೋಲೋಲೆನ್ಸ್‌ನ ಎರಡನೆಯ ಮಾದರಿ 2019ರಲ್ಲಿ ಬಂದಾಗ 3,500 ಡಾಲರ್ ಇತ್ತು. ಇಂದಿನ ಲೆಕ್ಕಕ್ಕೆ ಸುಮಾರು ಮೂರು ಲಕ್ಷ ರೂಪಾಯಿ. ತೂಕ ಅರ್ಧ ಕಿಲೋಗೂ ಹೆಚ್ಚು. 2024ರಲ್ಲಿ ಮೈಕ್ರೋಸಾಫ್ಟ್ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಹಗುರವಾದ, ಅಗ್ಗವಾದ ಕನ್ನಡಕಗಳು ಬರಬೇಕು. ಬಂದಾಗಲೂ ಮನೆಯವರು ಒಂದೊಂದು ಕೊಳ್ಳುವುದಕ್ಕಿಂತ, ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗ ಕೆಲವನ್ನು ಇಟ್ಟುಕೊಂಡು ಎರಡು ಮೂರು ತಿಂಗಳಿಗೆಂದು ರೋಗಿಗಳ ಮನೆಗೆ ಕೊಟ್ಟು ವಾಪಸು ಪಡೆಯುವ ಏರ್ಪಾಟು ನಮಗೆ ಒಪ್ಪುತ್ತದೆ. ಇನ್ನೊಂದು ಎಚ್ಚರ: ಈ ಕಾಯಿಲೆಯಲ್ಲಿ ಕೆಲವರಿಗೆ ಇಲ್ಲದ ಮನುಷ್ಯರು, ಪ್ರಾಣಿಗಳು ಕಾಣುವುದುಂಟು. ಅಂಥವರಿಗೆ ಇಲ್ಲದ್ದನ್ನು ತೋರಿಸುವ ಕನ್ನಡಕ ಹಾಕುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕನ್ನಡಕ ಮಾಡುವ ಕೆಲಸದ ಒಂದು ಪಾಲನ್ನು ಬಣ್ಣದ ಅಂಟುಪಟ್ಟಿ ಮಾಡುತ್ತದೆ. ಕಾಲು ನಿಲ್ಲುವ ಜಾಗದಲ್ಲಿ, ಬಾಗಿಲ ಎರಡೂ ಬದಿಗೆ, ನೆಲದ ಬಣ್ಣಕ್ಕೆ ಎದ್ದು ಕಾಣುವ ಪಟ್ಟಿಗಳನ್ನು ಹೆಜ್ಜೆಯ ಅಂತರಕ್ಕೆ ಅಡ್ಡಲಾಗಿ ಅಂಟಿಸಿ. ಅಂಚು ಎದ್ದು ಕಾಲಿಗೆ ಸಿಗದಂತೆ ನೋಡಿಕೊಳ್ಳಿ. ಜಾರುವ ಕಾಲೊರಸು ತೆಗೆದುಬಿಡಿ. ಕಾಲು ಹಿಡಿದುಕೊಂಡಾಗ ಕೈಹಿಡಿದು ಎಳೆಯಬೇಡಿ, ಅವಸರ ಮಾಡಬೇಡಿ. ಒಂದು ಕ್ಷಣ ನಿಲ್ಲಲು ಬಿಡಿ, ಭಾರವನ್ನು ಒಂದು ಕಾಲಿಗೆ ಹಾಕಲು ಹೇಳಿ, ಆಮೇಲೆ "ಒಂದು, ಎರಡು" ಎಂದು ಎಣಿಸಿ. ವ್ಯಾಯಾಮವನ್ನು ಮಾತ್ರೆಯ ಪ್ರಭಾವ ಚೆನ್ನಾಗಿರುವ ಹೊತ್ತಿನಲ್ಲಿ, ಪಕ್ಕದಲ್ಲಿ ಒಬ್ಬರು ಇರುವಾಗಲೇ ಮಾಡಿಸಿ.

ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ನಡುಕದ ಜೊತೆಗೆ ನಡಿಗೆಯ ಮಾತನ್ನೂ ಎತ್ತಿ. ಕಾಲು ಎಲ್ಲಿ ನಿಲ್ಲುತ್ತದೆ, ಮಾತ್ರೆ ನುಂಗಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದನ್ನು ಬರೆದುಕೊಂಡು ಹೋಗಿ, ಮೊಬೈಲಿನಲ್ಲಿ ವಿಡಿಯೋ ಮಾಡಿ ತೋರಿಸಿ. ಫಿಸಿಯೋಥೆರಪಿಗೆ ಚೀಟಿ ಬರೆದುಕೊಡಿ ಎಂದು ನೀವೇ ಬಾಯಿಬಿಟ್ಟು ಕೇಳಿ. ಮೊದಲ ಸಲ ಬೀಳುವವರೆಗೂ ಕಾಯಬೇಡಿ.