ಊಟಕ್ಕೊಪ್ಪುವ ಪಾನ



ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ಒಂದು ಊಟವನ್ನು ನೆನೆದು ಈ ಭಾಷಣವನ್ನು ಮೊದಲುಮಾಡುತ್ತೇವೆ. ತಟ್ಟೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆಂಪುಖಾರದ ರಂಜಕ. ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ. ಯಾವ ತಿನಿಸಿಗೆ ಯಾವ ದ್ರಾಕ್ಷಾಮದ್ಯ, ಎಂದರೆ ವೈನು, ಒಪ್ಪುವುದೆಂಬುದನ್ನು ಕುರಿತು ಪಾಶ್ಚಾತ್ಯರು ಗ್ರಂಥಗಳನ್ನೇ ರಚಿಸಿದ್ದಾರೆ. ಅದೇನೋ ಪರದೇಶದ ವಿದ್ಯೆಯೆಂದು ನಾವು ಬಹುಕಾಲ ಬೆರಗಾಗಿದ್ದುದುಂಟು. ಆದರೆ ರಂಜಕದ ಮಗ್ಗುಲಿಗೆ ಮಜ್ಜಿಗೆಯನ್ನಿಟ್ಟ ಗೃಹಿಣಿಯು ಅದರ ಮೂಲಸೂತ್ರವನ್ನು ಆಗಲೇ ಬಲ್ಲಳು. ಮೆಣಸಿನಕಾಯಿಯ ಖಾರಸತ್ತ್ವವು ನೀರಿನಲ್ಲಿ ಸುಲಭವಾಗಿ ಕರಗದು. ಹಾಲು ಮಜ್ಜಿಗೆಗಳಲ್ಲಿರುವ ಕೇಸೀನ್ ಎಂಬ ಪದಾರ್ಥವು ಅದನ್ನು ಹಿಡಿದು ನಾಲಗೆಯಿಂದ ಬಿಡಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕೂಡ ೧೨ನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗವನ್ನು ವರ್ಣಿಸಿ ಸುಮ್ಮನಾಗದೆ ಪಾನೀಯಭೋಗವನ್ನೂ ನಿರೂಪಿಸಿದ್ದಾನೆ.

ಇದೇ ಊಟದೊಡನೆ ವೈನನ್ನು ಇಡಬಯಸುವವರು ಸ್ವಲ್ಪ ಎಚ್ಚರದಿಂದಿರಬೇಕು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹೆಸರು ಹೊತ್ತ ಮೆಣಸಿನಕಾಯಿ ಸಾಧುವಾದುದಲ್ಲ. ಮದ್ಯಸಾರವು ಅದರ ಉರಿಯನ್ನು ಇನ್ನೂ ಕೆರಳಿಸುತ್ತದೆ. ಕೆಂಪು ವೈನಿನ ಒಗರು ಬಾಯಿಯನ್ನು ಮತ್ತಷ್ಟು ಒಣಗಿಸುತ್ತದೆ. ಮದ್ಯಸಾರ ಕಡಿಮೆಯಿದ್ದು ತುಸು ಸಿಹಿಯಾದ ಬಿಳಿಯ ವೈನಾದರೆ ಹೇಗೋ ಹೊಂದೀತು. ಗೋಕಾಕದ ಕರದಂಟಿನ ಲೆಕ್ಕವೇ ಬೇರೆ. ತುಪ್ಪದಲ್ಲಿ ಹುರಿದ ಅಂಟು, ಕೊಬ್ಬರಿ, ಬೆಲ್ಲಗಳ ಆ ತಿನಿಸನ್ನು ತಿಂದು ಚಹಾ ಕುಡಿದರೆ ಚಹಾ ಸಪ್ಪೆಯಾಗುವುದನ್ನು ಎಲ್ಲರೂ ಬಲ್ಲರು. ವೈನೂ ಹಾಗೆಯೇ, ತಿನಿಸಿಗಿಂತ ಸಿಹಿಯಾಗಿರದಿದ್ದರೆ ಬರಿಯ ಹುಳಿಯಾಗಿ ತೋರುತ್ತದೆ.

ಇನ್ನು ಪಾಕದ ಮಾತು. ಅಡಿಗೆಗೆ ವೈನು ಹುಳಿಯನ್ನು ಕೊಡುತ್ತದೆ; ಮದ್ಯಸಾರವು ಕೆಲವು ಪರಿಮಳಗಳನ್ನು ಹೊರತರುತ್ತದೆ. ಬೇಯುವಾಗ ಮದ್ಯಸಾರವೆಲ್ಲ ಆವಿಯಾಗಿ ಹೋಗುವುದೆಂಬ ನಂಬಿಕೆ ಸಾಮಾನ್ಯ. ಈ ನಂಬಿಕೆಯಿಂದ ನಾವೊಮ್ಮೆ ತಪ್ಪುಮಾಡಿದೆವು. ನಗರದ ಮಿತ್ರರೊಬ್ಬರ ಮನೆಯಲ್ಲಿ, ಕೆಂಪು ವೈನಿನಲ್ಲಿ ಬೇಯಿಸಿದ ಮರಸೇಬನ್ನು ಬಡಿಸಿದ್ದರು. ನಮ್ಮೊಡನೆ ಬಂದಿದ್ದ ಹುಕ್ಕೇರಿಯ ಕಡೆಯ ಹಿರಿಯರು ಜೈನರು, ಮದ್ಯವನ್ನು ಮುಟ್ಟದವರು. ಬಣ್ಣವನ್ನು ಕಂಡು ಇದೇನೆಂದು ಕೇಳಿದರು. ವೈನೇ, ಆದರೆ ಮದ್ಯಸಾರವೆಲ್ಲ ಹಾರಿಹೋಗಿದೆಯೆಂದು ಮಿತ್ರರು ಹೇಳಿದರು. ಓದಿದವರೆಂಬ ಗರ್ವದಿಂದ ನಾವೂ ಹೌದೆಂದೆವು. ನಮ್ಮ ಮಾತನ್ನು ನಂಬಿ ಅವರು ಉಂಡರು.

ನಿಜಾಂಶವನ್ನು ಓದಿದ್ದು ಅನಂತರ. ೧೯೯೨ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರಿಶೋಧನೆಯಲ್ಲಿ, ಪಾಕವಿಧಾನಕ್ಕೆ ತಕ್ಕಂತೆ ಶೇಕಡ ೪ರಿಂದ ೮೫ರವರೆಗೆ ಮದ್ಯಸಾರ ತಿನಿಸಿನಲ್ಲಿ ಉಳಿದಿತ್ತು. ಅಲ್ಲಿಯ ಸರಕಾರದ ಕೃಷಿ ಇಲಾಖೆಯ ಕೋಷ್ಟಕದಂತೆ ಅರ್ಧ ಗಂಟೆ ಬೆಂದರೆ ಸುಮಾರು ೩೫, ಎರಡೂವರೆ ಗಂಟೆ ಬೆಂದರೂ ೫ ಪಾಲು ಉಳಿಯುತ್ತದೆ. ಹುಕ್ಕೇರಿಗೆ ಹೋದಾಗ ಇದನ್ನು ಹಿರಿಯರಿಗೆ ಅರಿಕೆಮಾಡಿಕೊಂಡೆವು. "ಗೊತ್ತಿಲ್ಲ ಅಂದಿದ್ರ ಬಟ್ಟಲಾ ಸರಸಿ ಸುಮ್ಮ ಇರ್ತಿದ್ನಿರಿ, ಮಾಸ್ತರ" ಎಂದಷ್ಟೇ ಅವರು ಹೇಳಿದರು.

ಈಗ ನಮ್ಮ ಮನೆಯಲ್ಲಿ ಆ ಮರಸೇಬು ಕಪ್ಪು ದ್ರಾಕ್ಷಿಯ ಹೊಸರಸದಲ್ಲಿ ಬೇಯುತ್ತದೆ. ಎರಡು ಲವಂಗ, ಒಂದು ತುಂಡು ಚಕ್ಕೆ, ಇಳಿಸುವಾಗ ಅರ್ಧ ನಿಂಬೆಹಣ್ಣಿನ ರಸ. ವೈನಿನ ಪರಿಮಳ ಪೂರ್ತಿಯಾಗಿ ಬರುವುದಿಲ್ಲ. ಬಣ್ಣವೂ ಹುಳಿಸಿಹಿಯೂ ಬರುತ್ತವೆ. ಹುಕ್ಕೇರಿಯ ಹಿರಿಯರು ಕಳೆದ ಸಲ ಬಂದಾಗ ಎರಡನೆಯ ಸಲ ಬಡಿಸಿಕೊಂಡರು.