ಒಂದು ಅಡಿಕೆ ಮರ, ಐದು ಪಾಠ



ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗೋರು ನೆಲ್ಯಾಡಿ ದಾಟಿಯೇ ಹೋಗಬೇಕು. ಹಿಂದೆ ಪುತ್ತೂರು ತಾಲೂಕಿನ ಊರು, ಈಗ ಕಡಬದ್ದು. ಅಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ್ದೇ ಒಂದು ಘಟಕ ಕಾಲೇಜಿದೆ. ದುಡ್ಡಿನ ಮುಗ್ಗಟ್ಟು ಬಂದಾಗ ಮೊದಲು ಕಣ್ಣು ಬೀಳೋದು ಇಂಥ ಕಾಲೇಜುಗಳ ಮೇಲೆ. ಮಕ್ಕಳೆಷ್ಟು, ಖರ್ಚೆಷ್ಟು? ಲೆಕ್ಕ ಕೇಳೋದು ತಪ್ಪಲ್ಲ. ಆದರೆ ಲೆಕ್ಕ ಪೂರ್ತಿ ಇರಬೇಕು.

ನಾನು ಎಂಜಿನಿಯರಿಂಗ್ ಓದಿದವನು. ಆ ನಾಲ್ಕು ವರ್ಷದಲ್ಲಿ ಇತಿಹಾಸದ ಒಂದು ಪುಟವನ್ನೂ ತಿರುವಿದವನಲ್ಲ. ಅದರ ಕೊರತೆ ಗೊತ್ತಾಗಿದ್ದು ಇದೇ ಸ್ಟುಡಿಯೋದಲ್ಲಿ, ಅಡಿಕೆ ಬೆಲೆಯ ಚರ್ಚೆ ನಡೆಸುವಾಗ. ಸುಳ್ಯದ ಕೃಷಿಕರೊಬ್ಬರು ಫೋನಿನಲ್ಲಿ ಕೇಳಿದರು: "ತೋಟಕ್ಕೆ ಹಳದಿ ಎಲೆ ರೋಗ ಬಂದಿದೆ. ಮತ್ತೆ ಅಡಿಕೆಯನ್ನೇ ನೆಡುವುದಾ, ಬೇರೆ ಬೆಳೆ ಹಾಕುವುದಾ?" ನನ್ನ ಹತ್ತಿರ ದರದ ಗ್ರಾಫ್ ಇತ್ತು. ಉತ್ತರ ಇರಲಿಲ್ಲ.

ಯಾಕಂದ್ರೆ ಅದು ಒಂದೇ ವಿಷಯದ ಪ್ರಶ್ನೆ ಅಲ್ಲ. ರೋಗ ಯಾಕೆ ಬರುತ್ತೆ ಅನ್ನೋದು ಸಸ್ಯಶಾಸ್ತ್ರ. ಬೆಲೆ ಯಾಕೆ ಬೀಳುತ್ತೆ ಅನ್ನೋದು ಅರ್ಥಶಾಸ್ತ್ರ. ಹಿಂದೊಮ್ಮೆ ಬೆಲೆ ನೆಲಕಚ್ಚಿದಾಗ ಬೆಳೆಗಾರರೇ ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು, ಅದೇ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಇದು ಇತಿಹಾಸ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಆ ವರದಿ ಓದೋಕೆ ಜೀವವಿಜ್ಞಾನ ಬೇಕು. ಅದನ್ನ ಬೆಳೆಗಾರನಿಗೆ ಮುಚ್ಚುಮರೆಯಿಲ್ಲದೆ, ಮನಸ್ಸು ನೋಯಿಸದೆ ಹೇಳೋಕೆ ಕನ್ನಡ ಬೇಕು.

ಕಲೆ, ವಿಜ್ಞಾನ ಒಂದೇ ಸೂರಿನಡಿ ಇರಬೇಕು ಅನ್ನೋದು ಇದಕ್ಕೇ. ಪುತ್ತೂರಿನ ಬಾಲವನದಲ್ಲಿ ಕೂತು ಶಿವರಾಮ ಕಾರಂತರು ಕಾದಂಬರಿಯನ್ನೂ ಬರೆದರು, ಮಕ್ಕಳಿಗೆ ವಿಜ್ಞಾನವನ್ನೂ ಬರೆದರು. ಎಲ್ಲರೂ ಕಾರಂತರಾಗೋಕೆ ಆಗಲ್ಲ. ಉಳಿದವರಿಗೆ ಕಾಲೇಜು ಬೇಕು.

2021ರಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿ ತಂದು, ವಿಜ್ಞಾನದವರು ಕಲೆಯನ್ನೂ ಓದಲಿ ಅಂದಿತು. 2024ರಲ್ಲಿ ಮತ್ತೆ ಮೂರು ವರ್ಷ. ಇತ್ತ ಖಾಸಗಿ ವಿಶ್ವವಿದ್ಯಾಲಯಗಳು ಇದೇ ಓದಿಗೆ 'ಲಿಬರಲ್ ಆರ್ಟ್ಸ್' ಅಂತ ಹೆಸರಿಟ್ಟು ಲಕ್ಷಗಟ್ಟಲೆ ಶುಲ್ಕ ತಗೊಳ್ತಿವೆ.

ನೆಲ್ಯಾಡಿಯಂಥ ಊರಿನ ಕಾಲೇಜು ಮುಚ್ಚಿದರೆ ಉಳ್ಳವರ ಮಕ್ಕಳು ಮಂಗಳೂರಿಗೆ ಹೋಗ್ತಾರೆ. ರಬ್ಬರ್ ಟ್ಯಾಪಿಂಗ್ ಮಾಡೋರ ಮಗಳು ಎಲ್ಲಿಗೆ ಹೋಗಬೇಕು? ಅವಳ ಓದು ಪಿಯುಸಿಗೇ ನಿಂತರೆ ಆ ನಷ್ಟವನ್ನ ಯಾವ ಖಾತೆಗೆ ಬರೀತೀರಿ?

ಸರ್ಕಾರ ಅನುದಾನ ಕೊಡಲಿ, ವಿಶ್ವವಿದ್ಯಾನಿಲಯ ಪಾಠ ಗಟ್ಟಿ ಮಾಡಲಿ. ಆಮೇಲೆ ಲೆಕ್ಕ ಕೇಳೋಣ.