ಬುಧವಾರದ ಹೂವು ಶುಕ್ರವಾರದವರೆಗೆ



ವರಮಹಾಲಕ್ಷ್ಮಿ ಹಬ್ಬದ ವಾರ ಗುಡಿಮಲ್ಕಾಪುರದ ಹೂವಿನ ಮಾರ್ಕೆಟ್ಟಿಗೆ ಹೋಗಿದ್ದೀರಾ? ಮೆಹದಿಪಟ್ನಂ ಹತ್ತಿರ. ಗುರುವಾರ ಆಫೀಸು ಮುಗಿಸಿ ಹೋದರೆ ರೇಟು ಕೇಳೋ ಹಾಗಿರಲ್ಲ. ಅದಕ್ಕೆ ಗಚ್ಚಿಬೌಲಿ, ಕೊಂಡಾಪುರದ ನಮ್ಮಂಥವರು ಬುಧವಾರವೇ ತಂದು ಫ್ರಿಜ್ಜಿಗೆ ತುಂಬಿಬಿಡ್ತೀವಿ.

ಇಲ್ಲಿನ ನನ್ನ ಮೊದಲ ಹಬ್ಬದಲ್ಲಿ ನಾನೂ ಅದನ್ನೇ ಮಾಡಿದ್ದೆ. ಶುಕ್ರವಾರ ಬೆಳಿಗ್ಗೆ ಕಳಶ ಇಟ್ಟು, ಊರಲ್ಲಿರೋ ಅಮ್ಮನಿಗೆ ವಿಡಿಯೋ ಕಾಲ್ ಹಚ್ಚಿ, ಡಬ್ಬಿ ತೆರೆದೆ. ಆರು ಮೊಳ ಮಲ್ಲಿಗೆ ಕಂದಾಗಿ ಅಂಟಂಟಾಗಿತ್ತು. ನಾನು ಫೋನನ್ನು ಮೆಲ್ಲಗೆ ಆಚೆ ತಿರುಗಿಸಿದೆ. ಅಮ್ಮ ನೋಡಿಯೇಬಿಟ್ಟಿದ್ದರು. "ತೊಳೆದಿಟ್ಟಿದ್ಯೇನೇ?" ಅಂದರು.

ಹೌದು, ತೊಳೆದಿದ್ದೆ. ತಪ್ಪು ಅಲ್ಲೇ ಆಗಿದ್ದು.

ಕಟ್ಟಿದ ಮಲ್ಲಿಗೆಗೆ ನೀರು ಕುಡಿಯೋಕೆ ದಂಟೇ ಇಲ್ಲ. ಒಳಗಿರುವ ನೀರು ಆರದ ಹಾಗೆ ನೋಡಿಕೊಳ್ಳೋದು, ತಂಪಾಗಿಡೋದು, ಇಷ್ಟೇ ನಮ್ಮ ಕೈಯಲ್ಲಿರೋದು. ಎಸಳ ಮೇಲೆ ನೀರು ನಿಂತರೆ ಕೊಳೆಯುತ್ತೆ. ನಮ್ಮ ಕಡೆ ಬಾಳೆಎಲೆಯಲ್ಲಿ ಸುತ್ತುತ್ತಾರಲ್ಲ, ಅದು ಸುಮ್ಮನೆ ಅಲ್ಲ: ಎಲೆ ಹೂವನ್ನು ಒಣಗೋಕೂ ಬಿಡಲ್ಲ, ಬೆವರೋಕೂ ಬಿಡಲ್ಲ. ಫ್ಲಾಟಿನಲ್ಲಿ ಬಾಳೆಎಲೆ ಸಿಗದಿದ್ದರೆ ಹಳೇ ಹತ್ತಿಬಟ್ಟೆ ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡಿ, ಅದರಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ. ಮುಚ್ಚಳ ಸ್ವಲ್ಪ ಸಡಿಲ ಇರಲಿ. ಫ್ರಿಜ್ಜಿನ ಹಿಂದಿನ ಗೋಡೆಗೆ ತಾಗಿಸಬೇಡಿ, ಹೂವು ಹೆಪ್ಪುಗಟ್ಟಿ ಕಪ್ಪಾಗುತ್ತೆ. ಮತ್ತೆ, ಕೊಳ್ಳುವಾಗಲೇ ಮೊಗ್ಗು ಕೊಳ್ಳಿ. ಅರಳಿದ್ದನ್ನು ಕೊಂಡು ಎರಡು ದಿನ ಇಡ್ತೀನಿ ಅಂದರೆ ಆಗಲ್ಲ.

ಇನ್ನೊಂದು ತಪ್ಪು ನನಗೆ ಆಮೇಲೆ ಗೊತ್ತಾಯ್ತು. ಪೂಜೆಯ ಸಾಮಾನು ಅಂತ ಹೂವು, ಬಾಳೆಹಣ್ಣು, ಸೇಬು ಎಲ್ಲ ಒಂದೇ ಕಡೆ ಇಟ್ಟಿದ್ದೆ. ಮಾಗುವ ಹಣ್ಣು ಎಥಿಲೀನ್ ಅನ್ನೋ ಅನಿಲ ಬಿಡುತ್ತೆ, ಅದು ತಾಗಿದ ಹೂವು ಬೇಗ ಮುದಿಯಾಗುತ್ತೆ. 1901ರಲ್ಲಿ ರಷ್ಯಾದ ನೆಲ್ಯೂಬೊವ್ ಅನ್ನೋ ವಿಜ್ಞಾನಿ, ದೀಪಕ್ಕೆ ಬಳಸ್ತಿದ್ದ ಗ್ಯಾಸಿನಲ್ಲಿರುವ ಇದೇ ಎಥಿಲೀನ್ ಬಟಾಣಿ ಸಸಿಗಳನ್ನು ಸೊಟ್ಟಗೆ ಬೆಳೆಸುತ್ತೆ ಅಂತ ತೋರಿಸಿದ್ದ. ಕಾರ್ನೇಷನ್‌ಗಂತೂ ಇದು ತೀರಾ ಆಗಿಬರಲ್ಲ. ಹಣ್ಣಿನ ಬುಟ್ಟಿ ಬೇರೆ ಕೋಣೆಗೆ ಹೋಗಲಿ.

ಈಗ ದಂಟಿರುವ ಹೂಗಳು. ಗುಲಾಬಿ, ಜರ್ಬೆರಾ, ಸುಗಂಧರಾಜ, ಸೇವಂತಿಗೆ. ಇವಕ್ಕೆ ಶತ್ರು ಎರಡು: ದಂಟಿನೊಳಗೆ ಸಿಕ್ಕಿಕೊಂಡ ಗಾಳಿ, ನೀರಿನಲ್ಲಿ ಬೆಳೆಯೋ ಬ್ಯಾಕ್ಟೀರಿಯಾ. ಎರಡೂ ನೀರಿನ ಕೊಳವೆಯನ್ನು ಕಟ್ಟಿಹಾಕುತ್ತವೆ. ಹೂಜಿ ತುಂಬ ನೀರಿದ್ದರೂ ಗುಲಾಬಿ ತಲೆ ಬಗ್ಗಿಸೋದು ಅದಕ್ಕೇ. ಬಕೆಟ್ಟಿನ ನೀರಿನೊಳಗೇ ದಂಟು ಹಿಡಿದು, ಹರಿತವಾದ ಚಾಕುವಿನಲ್ಲಿ ಒಂದಿಂಚು ಓರೆಯಾಗಿ ಕತ್ತರಿಸಿ. ನೀರಿನಲ್ಲಿ ಮುಳುಗೋ ಎಲೆಗಳನ್ನೆಲ್ಲ ಕಿತ್ತುಬಿಡಿ.

ನಮ್ಮ ಬಹಳ ಅಪಾರ್ಟ್‌ಮೆಂಟುಗಳಲ್ಲಿ ಬರೋದು ಬೋರ್ ನೀರು ಇಲ್ಲಾ ಟ್ಯಾಂಕರ್ ನೀರು, ಗಡಸು. ಆರ್‌ಓ ಮಷೀನು ಹೊರಗೆ ಬಿಡೋ ನೀರನ್ನು ನೆಲ ಒರೆಸೋಕೆ ಹಿಡಿದಿಡ್ತೀವಲ್ಲ, ಅದನ್ನಂತೂ ಹೂವಿಗೆ ಹಾಕಲೇಬೇಡಿ, ಉಪ್ಪಿನ ಅಂಶವೆಲ್ಲ ಸೇರಿರೋದು ಅದರಲ್ಲೇ. ಕುಡಿಯೋ ನೀರು ಒಂದು ಲೀಟರ್ ತಗೊಳ್ಳಿ. ಒಂದು ಟೀ ಚಮಚ ಸಕ್ಕರೆ, ಎರಡು ಚಮಚ ನಿಂಬೆರಸ, ಕಾಲು ಚಮಚ ಬಟ್ಟೆಗೆ ಹಾಕೋ ಬ್ಲೀಚ್. ಸಕ್ಕರೆ ಹೂವಿನ ಊಟ, ಹುಳಿ ಇದ್ದರೆ ನೀರು ಸಲೀಸಾಗಿ ಮೇಲೇರುತ್ತೆ, ಬ್ಲೀಚ್ ಬ್ಯಾಕ್ಟೀರಿಯಾಕ್ಕೆ. ಒಂದು ಎಚ್ಚರಿಕೆ: ನಿಂಬೆರಸ, ಬ್ಲೀಚ್ ಎರಡನ್ನೂ ನೇರವಾಗಿ ಬೆರೆಸಬೇಡಿ, ವಿಷದ ಅನಿಲ ಬರುತ್ತೆ. ನಿಂಬೆರಸವನ್ನು ಪೂರ್ತಿ ನೀರಿಗೆ ಕಲಸಿದ ಮೇಲೆ ಬ್ಲೀಚ್ ಹಾಕಿ. ಟಾಯ್ಲೆಟ್ ಕ್ಲೀನರ್ ಬೇಡವೇ ಬೇಡ. ಬ್ಲೀಚ್ ಇಲ್ಲದಿದ್ದರೆ ಸಕ್ಕರೆಯನ್ನೂ ಬಿಟ್ಟುಬಿಡಿ, ಬರೀ ಸಕ್ಕರೆ ನೀರು ಬ್ಯಾಕ್ಟೀರಿಯಾಗೆ ಪಾಯಸ. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿ, ಹೂಜಿಯನ್ನು ಸೋಪು ಹಾಕಿ ತಿಕ್ಕಿ. ಆಸ್ಪಿರಿನ್, ತಾಮ್ರದ ನಾಣ್ಯ ಅಂತ ಹೇಳ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ.

ಜರ್ಬೆರಾಗೆ ಮಾತ್ರ ನೀರು ಕಡಿಮೆ ಸಾಕು, ಮೂರು ಬೆರಳಷ್ಟು. ಅದರ ದಂಟು ಮೆತ್ತಗೆ, ಜಾಸ್ತಿ ಮುಳುಗಿದರೆ ಲೋಳೆಯಾಗುತ್ತೆ. ಸುಗಂಧರಾಜ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತೆ, ಬಾಡಿದ್ದನ್ನು ದಿನಾ ಕಿತ್ತರೆ ಮೇಲಿನ ಮೊಗ್ಗಿಗೆ ಅನುಕೂಲ.

ಹೋದ ವರ್ಷ ಅಮ್ಮ ಕಾಚಿಗುಡ ರೈಲಿನಲ್ಲಿ ಬಂದರು, ಬುಧವಾರವೇ. ಬ್ಯಾಗಿನ ಮೇಲ್ಗಡೆ ಬಾಳೆಎಲೆಯ ಪೊಟ್ಟಣ ಇತ್ತು. ನಾನೂ ಗುಡಿಮಲ್ಕಾಪುರದಿಂದ ತಂದು ಹತ್ತಿಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಶುಕ್ರವಾರ ಎರಡನ್ನೂ ಬಿಚ್ಚಿದೆವು. ಅಮ್ಮ ನನ್ನ ಹೂವನ್ನು ಮೂಗಿನ ಹತ್ತಿರ ಹಿಡಿದು, "ಘಮ ಸ್ವಲ್ಪ ಕಮ್ಮಿ" ಅಂದರು. ಆದರೆ ಕಳಶಕ್ಕೆ ಮುಡಿಸಿದ್ದು ಅದನ್ನೇ.